ಮಕ್ಕಳ ಫೋಟೊ, ವಿಡಿಯೊ ಸ್ಪರ್ಧೆಗೆ ಕಳಿಸುವ ಮುಂಚೆ: ಅವರ ವಿವರ ಕಾಪಾಡಿಕೊಳ್ಳುವುದು ಹೇಗೆ

ಕೃಷ್ಣ ಜನ್ಮಾಷ್ಟಮಿ ಹತ್ತಿರ ಬಂತು ಅಂದರೆ ಸಾಕು, ಮುದ್ದು ಕೃಷ್ಣ ಫೋಟೊ ಸ್ಪರ್ಧೆಗಳ ಪೋಸ್ಟರ್ ವಾಟ್ಸಾಪ್ ತುಂಬ ಓಡಾಡುತ್ತವೆ. ಸ್ವಾತಂತ್ರ್ಯ ದಿನಕ್ಕೆ ದೇಶಭಕ್ತಿ ಗೀತೆಯ ವಿಡಿಯೊ, ದಸರಾಕ್ಕೆ ಗೊಂಬೆ ಮುಂದೆ ನಿಂತ ಫೋಟೊ, ರಾಜ್ಯೋತ್ಸವಕ್ಕೆ ಎರಡು ನಿಮಿಷದ ಭಾಷಣ. ಹೈಸ್ಕೂಲು, ಪಿಯುಸಿ ಮಕ್ಕಳಿಗಾದರೆ ಕಿರುಚಿತ್ರ, ರೀಲ್ಸ್, ಪಾಡ್‌ಕಾಸ್ಟ್. ಪೋಸ್ಟರ್ ಕೆಳಗೆ ಒಂದು ಲಿಂಕ್ ಇರುತ್ತದೆ. ಒತ್ತಿದರೆ ಗೂಗಲ್ ಫಾರ್ಮ್. ಅದರಲ್ಲಿ ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಶಾಲೆ, ತರಗತಿ, ಸೆಕ್ಷನ್, ಅಪ್ಪನ ನಂಬರ್, ಅಮ್ಮನ ನಂಬರ್, ಮನೆ ವಿಳಾಸ, ಕೆಲವೊಮ್ಮೆ ಆಧಾರ್ ಪ್ರತಿ ಕೂಡ ಕೇಳಿರುತ್ತಾರೆ. ನಾವು ಗಡಿಬಿಡಿಯಲ್ಲಿ ಎಲ್ಲ ತುಂಬಿ ಸಬ್ಮಿಟ್ ಒತ್ತುತ್ತೇವೆ, ಯಾಕೆಂದರೆ ನಮ್ಮ ಕಣ್ಣಿರುವುದು ಫೋಟೊ ಮೇಲೆ, ಫಾರ್ಮ್ ಮೇಲೆ ಅಲ್ಲ.

ಸ್ಪರ್ಧೆಗೆ ಕಳಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಕಳಿಸಿ. ಊರಿನ ಸಣ್ಣ ಸಂಘದವರು ಕೊಟ್ಟ ಒಂದು ಪ್ರಮಾಣಪತ್ರದಿಂದ ಕ್ಯಾಮೆರಾ ಹಿಡಿಯುವ ಧೈರ್ಯ ಬಂದ ಮಕ್ಕಳು ಎಷ್ಟೋ ಇದ್ದಾರೆ. ನಾನು ಹೇಳುವುದು ಒಂದೇ ಮಾತು: ತೀರ್ಪು ಕೊಡುವವರಿಗೆ ಬೇಕಾದದ್ದು ಮಗು ಮಾಡಿದ ಕೆಲಸ, ಮಗುವಿನ ಜಾತಕ ಅಲ್ಲ. ಸ್ಪರ್ಧೆಗೆ ಸೇರುವಾಗ ಕಡಿಮೆ ವಿವರ ಕೊಡಿ, ಉಳಿದದ್ದು ಗೆದ್ದ ಮೇಲೆ. ಕೆಳಗೆ ಬರೆದಿರುವುದೆಲ್ಲ ಇದನ್ನು ಮಾಡುವ ದಾರಿ ಅಷ್ಟೇ.

ಮೊದಲು ಯಾರು ನಡೆಸುತ್ತಿದ್ದಾರೆ ನೋಡಿ

ಪೋಸ್ಟರ್‌ನಲ್ಲಿ ಸಂಸ್ಥೆಯ ಹೆಸರು, ಊರು, ಮಾತಾಡಲು ಒಬ್ಬ ಮನುಷ್ಯನ ಹೆಸರು ಮತ್ತು ನಂಬರ್ ಇದೆಯಾ? ನಿಯಮಗಳು ಎಲ್ಲಾದರೂ ಬರೆದಿವೆಯಾ? ಬರೀ ಒಂದು ಲಿಂಕ್, ಒಂದು ಬಹುಮಾನದ ಮೊತ್ತ, ಹೂವಿನ ಬಾರ್ಡರ್ ಇದ್ದರೆ ಅಲ್ಲೇ ನಿಲ್ಲಿ. ಒಂದು ಫೋನ್ ಮಾಡಿ. "ಹೋದ ವರ್ಷ ಎಲ್ಲಿ ಬಹುಮಾನ ಕೊಟ್ಟಿರಿ, ಈ ವಿವರಗಳನ್ನು ಯಾರು ಇಟ್ಟುಕೊಳ್ಳುತ್ತಾರೆ, ಯಾವಾಗ ಅಳಿಸುತ್ತೀರಿ" ಅಂತ ಕೇಳಿ. ಒಳ್ಳೆಯ ಮನಸ್ಸಿನಿಂದ ನಡೆಸುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳುತ್ತೇವೆ ಅನ್ನುತ್ತಾರೆ. ಸಿಡುಕಿದರೆ, ಅಥವಾ "ಮೊದಲು ಫಾರ್ಮ್ ತುಂಬಿ, ಆಮೇಲೆ ಮಾತಾಡೋಣ" ಅಂದರೆ, ಆ ಸ್ಪರ್ಧೆ ಬಿಟ್ಟರೂ ನಷ್ಟ ಇಲ್ಲ.

ಕೆಲವು ಸ್ಪರ್ಧೆಗಳ ನಿಜವಾದ ಉದ್ದೇಶವೇ ಅಪ್ಪ ಅಮ್ಮಂದಿರ ನಂಬರ್ ಕಲೆ ಹಾಕುವುದು. ಫಾರ್ಮ್ ತುಂಬಿದ ವಾರದೊಳಗೆ ಕೋಚಿಂಗ್ ಕ್ಲಾಸು, ಟ್ಯಾಬ್ಲೆಟ್ ಕೋರ್ಸು, ಇನ್ಶೂರೆನ್ಸ್ ಅಂತ ಕರೆಗಳು ಶುರು. ಅದಕ್ಕಿಂತ ಕೆಟ್ಟದ್ದು, "ನಿಮ್ಮ ಮಗು ಫೈನಲ್‌ಗೆ ಆಯ್ಕೆಯಾಗಿದೆ, ನೋಂದಣಿ ಶುಲ್ಕ ಕಳಿಸಿ" ಅನ್ನುವ ಕರೆ. ಅವರ ಕೈಯಲ್ಲಿ ಆಗಲೇ ಮಗುವಿನ ಹೆಸರು, ಶಾಲೆ, ಹಾಡಿದ ಹಾಡು ಎಲ್ಲ ಇರುವುದರಿಂದ ಮಾತು ನಿಜ ಅನ್ನಿಸಿಬಿಡುತ್ತದೆ. ಬಹುಮಾನ ಕೊಡಲು ಯಾರಿಗೂ ನಿಮ್ಮ ಓಟಿಪಿ ಬೇಡ. ಮುಂಗಡ ದುಡ್ಡೂ ಬೇಡ.

ಫಾರ್ಮ್‌ನ ಒಂದೊಂದು ಸಾಲು

ಹೆಸರು ಬೇಕು, ಸರಿ. ವಯಸ್ಸಿನ ವಿಭಾಗ ಬೇಕು, ಅದೂ ಸರಿ. ಆದರೆ 10ರಿಂದ 13 ವರ್ಷದ ವಿಭಾಗಕ್ಕೆ ಹುಟ್ಟಿದ ತಾರೀಕು ಯಾಕೆ? "12 ವರ್ಷ" ಅಂತ ಬರೆದರೆ ಸಾಕಲ್ವಾ? ತಾರೀಕಿನ ಖಾನೆ ಕಡ್ಡಾಯ ಅಂತ ಇಟ್ಟಿದ್ದರೆ ಆಯೋಜಕರಿಗೆ ಒಂದು ಮೆಸೇಜ್ ಹಾಕಿ ಕೇಳಿ. ಸಂಪರ್ಕಕ್ಕೆ ಒಬ್ಬ ಪೋಷಕರ ನಂಬರ್ ಸಾಕು, ಮಗುವಿನ ನಂಬರ್ ಯಾವತ್ತೂ ಬೇಡ. ಮನೆ ವಿಳಾಸ ಬೇಕಾಗುವುದು ಬಹುಮಾನ ಅಂಚೆಯಲ್ಲಿ ಕಳಿಸುವಾಗ ಮಾತ್ರ, ಅಂದರೆ ಗೆದ್ದ ಕೆಲವೇ ಮಕ್ಕಳದ್ದು. ಜಾತಿ, ಅಪ್ಪನ ಉದ್ಯೋಗ, ಮನೆಯ ಆದಾಯ ಕೇಳಿದರೆ, ಅದು ಒಂದು ನಿರ್ದಿಷ್ಟ ವರ್ಗಕ್ಕೆ ಮೀಸಲಾದ ಸ್ಪರ್ಧೆ ಅಲ್ಲದಿದ್ದರೆ, ಖಾಲಿ ಬಿಡಿ.

ಇಮೇಲ್ ಕೊಡುವಾಗ ಒಂದು ಸುಲಭದ ಉಪಾಯ ಇದೆ. ಜಿಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಯ ಹಿಂದೆ ಒಂದು ಪ್ಲಸ್ ಗುರುತು ಹಾಕಿ ಸ್ಪರ್ಧೆಯ ಹೆಸರು ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಮುಂದೆ ಆ ವಿಳಾಸಕ್ಕೆ ಯಾವುದೋ ಜಾಹೀರಾತು ಬಂದರೆ ಎಲ್ಲಿಂದ ಸೋರಿತು ಅಂತ ತಕ್ಷಣ ಗೊತ್ತಾಗುತ್ತದೆ.

ಗೂಗಲ್ ಫಾರ್ಮ್‌ನಲ್ಲೇ ಫೋಟೊ ಅಪ್‌ಲೋಡ್ ಮಾಡಿಸುತ್ತಿದ್ದರೆ ನೀವು ಗೂಗಲ್ ಖಾತೆಗೆ ಲಾಗಿನ್ ಆಗಿರಬೇಕಾಗುತ್ತದೆ, ಫೈಲು ಆ ಫಾರ್ಮ್ ಮಾಡಿದವರ ಡ್ರೈವ್‌ಗೆ ಹೋಗಿ ಕೂರುತ್ತದೆ. ಹಾಗಾಗಿ ಮಗುವಿನ ಖಾತೆಯಿಂದ ಅಲ್ಲ, ನಿಮ್ಮ ಖಾತೆಯಿಂದ ಕಳಿಸಿ. ಫೈಲಿನ ಹೆಸರನ್ನೂ ನೋಡಿಕೊಳ್ಳಿ. ಮಗುವಿನ ಹೆಸರು, ತರಗತಿ, ಶಾಲೆ, ಊರು ಎಲ್ಲವನ್ನೂ ಫೈಲಿನ ಹೆಸರಿಗೆ ಸೇರಿಸುವ ಅಭ್ಯಾಸ ಜಾಸ್ತಿ. ಸುಮ್ನೆ ಕೃತಿಯ ಶೀರ್ಷಿಕೆ ಇಡಿ.

ಇನ್ನೊಂದು ವಿಷಯ, ಫಾರ್ಮ್ ಸಬ್ಮಿಟ್ ಮಾಡಿದ ಮೇಲೆ ಬರುವ ಪುಟವನ್ನು ಒಮ್ಮೆ ಗಮನಿಸಿ. ಹಿಂದಿನ ಉತ್ತರಗಳನ್ನು ನೋಡಿ ಅನ್ನುವ ಲಿಂಕ್ ಅಲ್ಲಿ ಇದ್ದರೆ, ಆಯೋಜಕರು ಒಂದು ಸೆಟ್ಟಿಂಗ್ ಆನ್ ಬಿಟ್ಟಿದ್ದಾರೆ, ಬೇರೆಯವರು ತುಂಬಿದ ಉತ್ತರಗಳು ನಿಮಗೆ, ನಿಮ್ಮವು ಬೇರೆಯವರಿಗೆ ಕಾಣುತ್ತಿವೆ ಅಂತ ಅರ್ಥ. ತಕ್ಷಣ ಅವರಿಗೆ ಫೋನ್ ಮಾಡಿ. ಬಹಳ ಸಲ ಇದು ಗೊತ್ತಿಲ್ಲದೆ ಆದದ್ದು, ಹೇಳಿದರೆ ಸರಿಪಡಿಸುತ್ತಾರೆ.

ಆಧಾರ್ ಕೇಳಿದರೆ

ವಯಸ್ಸಿಗೆ ದಾಖಲೆ ಬೇಕು ಅಂದರೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಸಾಕು, ಅದನ್ನೇ ಮೊದಲು ಮುಂದಿಡಿ. ಆಧಾರೇ ಬೇಕು ಅಂತ ಹಟ ಹಿಡಿದರೆ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಕೊಡುವ ಸರ್ಕಾರಿ ಸಂಸ್ಥೆ ಯುಐಡಿಎಐ ವೆಬ್‌ಸೈಟ್‌ನಿಂದ ಇಳಿಸಿಕೊಳ್ಳುವಾಗ ಆ ಆಯ್ಕೆಗೆ ಟಿಕ್ ಹಾಕಬೇಕು. ಆಗ 12 ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ.

ಒಂದು ಎಚ್ಚರಿಕೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ, ಹಾಗಾಗಿ ಕಳಿಸಿದರೆ ಪರವಾಗಿಲ್ಲ ಅಂದುಕೊಳ್ಳುವವರಿದ್ದಾರೆ. ಆ ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಎರಡನ್ನೂ ನೀವು ಅದೇ ಫಾರ್ಮ್‌ನಲ್ಲಿ ಆಗಲೇ ತುಂಬಿದ್ದೀರಿ. ಬೀಗದ ಜೊತೆಗೆ ಕೀಲಿಯನ್ನೂ ಕಟ್ಟಿ ಕೊಟ್ಟ ಹಾಗೆ ಆಯಿತು. ಯಾವ ದಾಖಲೆ ಕೊಟ್ಟರೂ ಅದರ ಮೇಲೆ ಅಡ್ಡಲಾಗಿ "ಇಂಥ ಸ್ಪರ್ಧೆಗೆ ಮಾತ್ರ" ಅಂತ ಬರೆದು, ತಾರೀಕು ಹಾಕಿ, ಆಮೇಲೆ ಫೋಟೊ ತೆಗೆದು ಕಳಿಸಿ. ಗೆದ್ದ ನಗದು ಬಹುಮಾನ ದೊಡ್ಡದಾಗಿದ್ದರೆ ತೆರಿಗೆ ಲೆಕ್ಕಕ್ಕೆ ಪ್ಯಾನ್ ಕೇಳುವುದುಂಟು. ಅದು ಗೆದ್ದ ಮೇಲಿನ ಮಾತು, ಸೇರುವಾಗಿನದ್ದಲ್ಲ.

ಫೋಟೊ, ವಿಡಿಯೊ ಒಳಗೇ ಇರುವ ವಿವರ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ಫಾರ್ಮ್‌ನಲ್ಲಿ ಏನೂ ಬರೆಯದಿದ್ದರೂ ಎರಡು ನಿಮಿಷದ ವಿಡಿಯೊ ಎಲ್ಲವನ್ನೂ ಹೇಳಿಬಿಡಬಹುದು.

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮನೆ ಜಗಲಿಯಲ್ಲಿ ನಿಂತು ರಾಜ್ಯೋತ್ಸವದ ಭಾಷಣ ಮಾಡುತ್ತಿದ್ದಾಳೆ ಅಂತ ಇಟ್ಟುಕೊಳ್ಳಿ. ಯೂನಿಫಾರ್ಮ್ ಹಾಕಿದ್ದಾಳೆ, ಜೇಬಿನ ಮೇಲೆ ಶಾಲೆಯ ಲಾಂಛನ. ಕೊರಳಲ್ಲಿ ಐಡಿ ಕಾರ್ಡ್, ಅದರಲ್ಲಿ ಫೋನ್ ನಂಬರ್, ರಕ್ತದ ಗುಂಪು, ಬಸ್ ರೂಟ್. ಹಿಂದೆ ಗೇಟಿನ ಪಕ್ಕ ಮನೆಯ ಹೆಸರಿನ ಫಲಕ. ಅಪ್ಪನ ಸ್ಕೂಟರ್, ನಂಬರ್ ಪ್ಲೇಟ್ ಸಮೇತ. ಬಾಗಿಲ ಮೇಲೆ ನೀರಿನ ಸಂಪರ್ಕದ ನಂಬರ್ ಬರೆದ ತಗಡು. ಇದೆಲ್ಲ ಮುಗಿದ ಮೇಲೆ ಅವಳು ಬಾಯಿ ತೆರೆಯುತ್ತಾಳೆ: "ಎಲ್ಲರಿಗೂ ನಮಸ್ಕಾರ, ನನ್ನ ಹೆಸರು ಇಂಥದ್ದು, ನಾನು ಇಂಥ ಊರಿನ ಇಂಥ ಶಾಲೆಯಲ್ಲಿ ಎಂಟನೇ ತರಗತಿ ಬಿ ವಿಭಾಗದಲ್ಲಿ ಓದುತ್ತಿದ್ದೇನೆ." ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಈ ಪೀಠಿಕೆ. ವೇದಿಕೆ ಮೇಲೆ ಅದು ಚೆಂದ. ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ನೋಡುವ ವಿಡಿಯೊದಲ್ಲಿ ಅದು ಬೇಡ. "ಎಲ್ಲರಿಗೂ ನಮಸ್ಕಾರ" ಅಂದು ನೇರವಾಗಿ ವಿಷಯಕ್ಕೆ ಬರಲಿ. ಯಾರ ವಿಡಿಯೊ ಅಂತ ಆಯೋಜಕರಿಗೆ ಫಾರ್ಮ್‌ನಿಂದಲೇ ಗೊತ್ತಾಗುತ್ತದೆ.

ಚಿತ್ರೀಕರಣ ಮಾಡುವಾಗ ಖಾಲಿ ಗೋಡೆ ಹುಡುಕಿ, ಅಥವಾ ಒಂದು ಸೀರೆ, ಬೆಡ್‌ಶೀಟ್ ಕಟ್ಟಿ. ಮನೆ ಬಟ್ಟೆ ಹಾಕಿಸಿ. ಐಡಿ ಕಾರ್ಡ್ ತೆಗೆಸಿ. ಕಿಟಕಿಯಿಂದ ಎದುರಿನ ಅಂಗಡಿ ಬೋರ್ಡ್ ಕಾಣುತ್ತಾ ನೋಡಿ. ಕಳಿಸುವ ಮುಂಚೆ ಒಮ್ಮೆ ಧ್ವನಿ ಮ್ಯೂಟ್ ಮಾಡಿ ಬರೀ ಹಿನ್ನೆಲೆ ನೋಡಿ. ಇನ್ನೊಮ್ಮೆ ಚಿತ್ರ ನೋಡದೆ ಬರೀ ಧ್ವನಿ ಕೇಳಿ. ಅಡುಗೆಮನೆಯಿಂದ ಅಜ್ಜಿ ಯಾರದ್ದೋ ಹೆಸರು ಕೂಗಿದ್ದು, ಟಿವಿ ಪಕ್ಕದ ಫೋನ್ ಮಾತು, ಎಲ್ಲ ಆಗ ಕೇಳಿಸುತ್ತದೆ.

ಕಣ್ಣಿಗೆ ಕಾಣದ ವಿವರವೂ ಇದೆ. ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೊ ಫೈಲಿನ ಒಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶ, ದಿನ, ಸಮಯ ಸೇರಿಕೊಳ್ಳುತ್ತವೆ. ಆ ಅಂಕಿಗಳನ್ನು ಮ್ಯಾಪ್‌ನಲ್ಲಿ ಹಾಕಿದರೆ ನಿಮ್ಮ ಬೀದಿ, ಬಹಳ ಸಲ ನಿಮ್ಮ ಮನೆಯೇ ಬಂದು ನಿಲ್ಲುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಬಿಟ್ಟುಹೋಗುತ್ತದೆ. ಆದರೆ ಸ್ಪರ್ಧೆಯವರು ಏನು ಹೇಳುತ್ತಾರೆ? "ಕ್ವಾಲಿಟಿ ಹಾಳಾಗಬಾರದು, ಡಾಕ್ಯುಮೆಂಟ್ ಆಗಿ ಕಳಿಸಿ." ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ, ಲೊಕೇಶನ್ ಸಮೇತ. ಇಮೇಲ್, ಡ್ರೈವ್‌ನಲ್ಲೂ ಅಷ್ಟೇ.

ಹಾಗಾಗಿ ಸ್ಪರ್ಧೆಯ ಫೋಟೊ ತೆಗೆಯುವ ಮುಂಚೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಇದೇ ಎಲ್ಲಕ್ಕಿಂತ ಸುಲಭ. ಈಗಾಗಲೇ ತೆಗೆದಿದ್ದರೆ, ಐಫೋನ್‌ನಲ್ಲಿ ಶೇರ್ ಒತ್ತಿದಾಗ ಮೇಲೆ ಕಾಣುವ ಆಪ್ಷನ್ಸ್‌ಗೆ ಹೋಗಿ ಲೊಕೇಶನ್ ಆಫ್ ಮಾಡಬಹುದು. ವಿಂಡೋಸ್ ಕಂಪ್ಯೂಟರ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದರೆ ಕೆಳಗೆ ವೈಯಕ್ತಿಕ ಮಾಹಿತಿ ತೆಗೆಯುವ ಲಿಂಕ್ ಇದೆ. ಏನೂ ತಿಳಿಯದಿದ್ದರೆ ಫೋಟೊವನ್ನು ಪರದೆ ತುಂಬ ತೆರೆದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಗುಣಮಟ್ಟ ಸ್ವಲ್ಪ ಇಳಿಯುತ್ತದೆ, ಆದರೆ ತೆಗೆದ ಜಾಗ ಅದರಲ್ಲಿ ಇರುವುದಿಲ್ಲ.

ಚಿಕ್ಕ ಮಕ್ಕಳ ಕೃಷ್ಣ ವೇಷದ ಫೋಟೊಗೆ ಒಂದು ಮಾತು. ಮೈಮೇಲೆ ಪೂರ್ತಿ ಬಟ್ಟೆ ಇರುವ ಫೋಟೊ ಆರಿಸಿ. ಪೀತಾಂಬರ, ಶಲ್ಯ, ನವಿಲುಗರಿ ಇದ್ದರೆ ಕೃಷ್ಣ ಮುದ್ದಾಗಿಯೇ ಕಾಣುತ್ತಾನೆ. ಮಕ್ಕಳ ಅರೆಬೆತ್ತಲೆ ಫೋಟೊಗಳನ್ನು ಹುಡುಕಿ ಇಟ್ಟುಕೊಳ್ಳುವ ಜನ ಇದ್ದಾರೆ, ಇದನ್ನು ಹೇಳಲು ಸಂಕಟ ಆದರೂ ಹೇಳಲೇಬೇಕು.

ಲೈಕ್ ಹಾಕಿಸುವ ಸ್ಪರ್ಧೆಗಳು

"ಜಾಸ್ತಿ ಲೈಕ್ ಬಂದ ಫೋಟೊಗೆ ಬಹುಮಾನ" ಅನ್ನುವ ಸ್ಪರ್ಧೆಗಳನ್ನು ಬಿಟ್ಟುಬಿಡುವುದೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ ಮಗುವಿನ ಪ್ರತಿಭೆಗೆ ಏನೂ ಬೆಲೆ ಇಲ್ಲ, ಆಯೋಜಕರ ಪೇಜಿಗೆ ಜನ ಸೇರಿಸುವ ಕೆಲಸ ಅಷ್ಟೇ, ಮತ್ತು ಆ ಕೆಲಸವನ್ನು ನಾವೇ ಮಾಡುತ್ತೇವೆ, ಮಗುವಿನ ಹೆಸರು, ಊರು, ಮುಖ ಇರುವ ಲಿಂಕನ್ನು ಅಪಾರ್ಟ್‌ಮೆಂಟ್ ಗ್ರೂಪು, ಆಫೀಸು ಗ್ರೂಪು, ದೂರದ ನೆಂಟರ ಗ್ರೂಪು ಅಂತ ಹಂಚಿ ಹಂಚಿ. ಒಮ್ಮೆ ಹರಡಿದ್ದನ್ನು ವಾಪಸ್ ಕರೆಯುವುದು ಕಷ್ಟ.

ಯೂಟ್ಯೂಬ್ ಲಿಂಕ್ ಕೇಳಿದರೆ ಅನ್‌ಲಿಸ್ಟೆಡ್ ಅಂತ ಇಟ್ಟು ಕಳಿಸಿ. ಹುಡುಕಿದರೆ ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ಆದರೆ ಲಿಂಕ್ ಕೈ ಬದಲಾಯಿಸಿದರೆ ಯಾರಾದರೂ ನೋಡಬಹುದು, ಹಾಗಾಗಿ ಫಲಿತಾಂಶ ಬಂದ ಮೇಲೆ ಪ್ರೈವೇಟ್ ಮಾಡಿ. ಕಾಮೆಂಟ್ ಆಫ್ ಮಾಡಿಡಿ.

ಹೈಸ್ಕೂಲು, ಕಾಲೇಜು ಮಕ್ಕಳೇ ಕ್ಯಾಮೆರಾ ಹಿಡಿದಾಗ

ಈ ವಯಸ್ಸಿನವರು ಅಪ್ಪ ಅಮ್ಮನಿಗೆ ಹೇಳದೆಯೇ ಫಾರ್ಮ್ ತುಂಬುತ್ತಾರೆ. ಬೈದು ಉಪಯೋಗ ಇಲ್ಲ. ಕೂತು ಒಟ್ಟಿಗೆ ಓದಿ. 18 ತುಂಬದವರು ಮಾಡಿಕೊಂಡ ಒಪ್ಪಂದ ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಸರಿಯಾದ ಸ್ಪರ್ಧೆಗಳು ಪೋಷಕರ ಸಹಿ ಕೇಳುತ್ತವೆ. ಸಹಿ ಹಾಕುವ ಮುಂಚೆ ನಿಯಮಗಳಲ್ಲಿ ಎರಡು ಸಾಲು ಹುಡುಕಿ: ಕೃತಿಯನ್ನು ಯಾವುದಕ್ಕೆ, ಎಷ್ಟು ಕಾಲ ಬಳಸುತ್ತಾರೆ, ಮತ್ತು ಮುಖ, ಹೆಸರನ್ನು ಜಾಹೀರಾತಿಗೆ ಬಳಸುತ್ತಾರಾ. "ಯಾವುದೇ ಮಾಧ್ಯಮದಲ್ಲಿ, ಶಾಶ್ವತವಾಗಿ" ಅಂತ ಇದ್ದರೆ ಆ ಸಾಲನ್ನು ಹೊಡೆದು ಹಾಕಿ, "ಈ ಸ್ಪರ್ಧೆಯ ಪ್ರದರ್ಶನಕ್ಕೆ ಮಾತ್ರ" ಅಂತ ಬರೆದು ಸಹಿ ಹಾಕಿ. ಒಪ್ಪುತ್ತಾರಾ ಇಲ್ವಾ ಅನ್ನುವುದು ಆಮೇಲಿನ ಮಾತು.

ಕಿರುಚಿತ್ರದಲ್ಲಿ ಬೇರೆ ಮಕ್ಕಳೂ ಇರುತ್ತಾರೆ. ಗೆಳೆಯ ಓಕೆ ಅಂದ ಮಾತ್ರಕ್ಕೆ ಸಾಲದು, ಅವನ ಮನೆಯವರಿಗೂ ಗೊತ್ತಿರಬೇಕು. ಬಾಲ್ಯವಿವಾಹ, ಬಾಲ ಕಾರ್ಮಿಕ ಪದ್ಧತಿ, ದೌರ್ಜನ್ಯದಂಥ ವಿಷಯ ಆರಿಸಿಕೊಂಡ ಮಕ್ಕಳು ಇನ್ನೂ ಹುಷಾರಾಗಿರಬೇಕು. ರಕ್ಷಣೆ ಬೇಕಾದ ಮಗುವಿನ, ಅಪರಾಧಕ್ಕೆ ಬಲಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಮಾಧ್ಯಮದಲ್ಲಿ ತೋರಿಸಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ನಿಜ ಘಟನೆಯನ್ನು ಕಥೆ ಮಾಡಿ, ಹೆಸರು, ಊರು ಬದಲಾಯಿಸಿ ಮಾಡಿದರೆ ಚಿತ್ರದ ಶಕ್ತಿ ಏನೂ ಕಡಿಮೆ ಆಗುವುದಿಲ್ಲ.

ಕಾನೂನು ಏನು ಹೇಳುತ್ತದೆ

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ವಿವರ ತೆಗೆದುಕೊಳ್ಳುವ ಮುಂಚೆ ಪೋಷಕರ ಒಪ್ಪಿಗೆ ಬೇಕು, ಅದು ಪೋಷಕರದ್ದೇ ಅಂತ ಪರಿಶೀಲಿಸಲು ಆಗಬೇಕು. ಮಕ್ಕಳ ಬೆನ್ನು ಹತ್ತಿ ಅವರ ಚಟುವಟಿಕೆ ಗಮನಿಸುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳ ವಿಷಯದ ಈ ಹೊಣೆ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳ ಜಾರಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ.

ನಮಗೆ ಬಹಳ ಉಪಯೋಗದ ಒಂದು ಅಂಶ ಇದರಲ್ಲಿದೆ. ಯಾವ ವಿವರ, ಯಾಕೆ ಬೇಕು ಅನ್ನುವ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳುವುದೂ ಹಕ್ಕು, ಅದು ಕೊಟ್ಟಷ್ಟೇ ಸುಲಭವಾಗಿರಬೇಕು.

ಹೊರದೇಶದ ಕನ್ನಡ ಕೂಟಗಳು ಆನ್‌ಲೈನ್ ಸ್ಪರ್ಧೆ ನಡೆಸಿದಾಗ ಅಲ್ಲಿನ ಕಾನೂನು ಬೇರೆ. ಆನ್‌ಲೈನ್‌ನಲ್ಲಿ ಮಕ್ಕಳ ವಿವರ ಕಾಪಾಡುವ ಅಮೆರಿಕದ ಕೊಪ್ಪಾ ಕಾನೂನು 13ರ ಕೆಳಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಯುರೋಪಿನಲ್ಲಿ ಆನ್‌ಲೈನ್ ಸೇವೆಗೆ ಮಗು ತಾನೇ ಒಪ್ಪಿಗೆ ಕೊಡುವ ವಯಸ್ಸು ದೇಶದಿಂದ ದೇಶಕ್ಕೆ 13ರಿಂದ 16.

ಮುಗಿದ ಮೇಲೆ

ಫಲಿತಾಂಶ ಬಂತು, ಗೆದ್ದಿರೋ ಸೋತಿರೋ, ಒಂದು ಮೆಸೇಜ್ ಕಳಿಸಿ. ಹೀಗೆ ಬರೆದರೆ ಸಾಕು:

"ನಮಸ್ಕಾರ. ನಿಮ್ಮ ಸ್ಪರ್ಧೆಗೆ ನನ್ನ ಮಗಳು ವಿಡಿಯೊ ಕಳಿಸಿದ್ದಳು. ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ಸ್ಪರ್ಧೆ ಮುಗಿದಿರುವುದರಿಂದ ಅವಳ ವಯಸ್ಸು, ಶಾಲೆ, ನಮ್ಮ ಫೋನ್ ನಂಬರ್ ಮತ್ತು ಮೂಲ ವಿಡಿಯೊ ಫೈಲನ್ನು ನಿಮ್ಮ ದಾಖಲೆಗಳಿಂದ ಅಳಿಸಿ, ಅಳಿಸಿದ ಮೇಲೆ ದಯವಿಟ್ಟು ತಿಳಿಸಿ. ಈ ವಿವರಗಳನ್ನು ಬೇರೆ ಯಾರಿಗೂ ಕೊಡಲು ನಮ್ಮ ಒಪ್ಪಿಗೆ ಇಲ್ಲ."

ಇದನ್ನು ಬರಹದಲ್ಲಿ ಕಳಿಸುವುದು ಮುಖ್ಯ, ಫೋನಿನಲ್ಲಿ ಹೇಳಿದರೆ ದಾಖಲೆ ಉಳಿಯುವುದಿಲ್ಲ. ಫೋಟೊ ಗೂಗಲ್ ಹುಡುಕಾಟದಲ್ಲಿ ಬರುತ್ತಿದ್ದರೆ, 18ರ ಕೆಳಗಿನವರ ಚಿತ್ರಗಳನ್ನು ಫಲಿತಾಂಶದಿಂದ ತೆಗೆಯಲು ಗೂಗಲ್‌ಗೆ ಅರ್ಜಿ ಹಾಕಬಹುದು. ಮಗು ಅಥವಾ ಪೋಷಕರು ಹಾಕಿದರೆ ಸಾಕು. ಫೋಟೊ ಇರುವ ಮೂಲ ಪುಟದಿಂದ ತೆಗೆಸಲು ಆ ಪುಟದವರನ್ನೇ ಕೇಳಬೇಕು. ಯಾರಾದರೂ ಫೋಟೊ ತಿರುಚಿ ಬೆದರಿಸಿದರೆ ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮಕ್ಕಳೇ ನೇರವಾಗಿ ಮಾತಾಡಬೇಕು ಅಂದರೆ ಮಕ್ಕಳ ಸಹಾಯವಾಣಿ 1098 ಇದೆ. ಆ ನಂಬರ್ ಅವರಿಗೆ ಬಾಯಿಪಾಠ ಇರಲಿ.

ಸ್ಪರ್ಧೆ ನಡೆಸುವವರಿಗೆ

ಯುವಕ ಸಂಘ, ಗ್ರಂಥಾಲಯ, ಶಾಲೆ, ಪತ್ರಿಕೆ, ಯಾರೇ ಆಗಿರಿ, ಇಲ್ಲಿ ಅರ್ಧ ಹೊಣೆ ನಿಮ್ಮದು. ಮೊದಲ ಫಾರ್ಮ್‌ನಲ್ಲಿ ಹೆಸರು, ವಯಸ್ಸಿನ ವಿಭಾಗ, ಪೋಷಕರ ಒಂದು ನಂಬರ್, ಪೋಷಕರ ಒಪ್ಪಿಗೆ, ಇಷ್ಟೇ ಕೇಳಿ. ಬಂದ ಪ್ರತಿ ಕೃತಿಗೆ ಒಂದು ನಂಬರ್ ಕೊಟ್ಟು ತೀರ್ಪುಗಾರರಿಗೆ ಆ ನಂಬರ್ ಮಾತ್ರ ಕಳಿಸಿ. ತೀರ್ಪೂ ಪಕ್ಷಪಾತ ಇಲ್ಲದೆ ಬರುತ್ತದೆ. ಹೆಸರುಗಳ ಶೀಟ್ ಬೇರೆ ಇರಲಿ, ಲಿಂಕ್ ಇದ್ದವರೆಲ್ಲ ನೋಡಬಹುದು ಅನ್ನುವ ಸೆಟ್ಟಿಂಗ್‌ನಲ್ಲಿ ಬಿಡಬೇಡಿ. ಭಾಗವಹಿಸಿದ ಎಲ್ಲರನ್ನೂ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದರೆ ಎಲ್ಲರ ನಂಬರ್ ಎಲ್ಲರಿಗೂ ಸಿಗುತ್ತದೆ. ಅದರ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಅದು ತಲುಪಲು ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿರಬೇಕು, ಅದನ್ನು ಮೊದಲೇ ಹೇಳಿ. ಒಂದು ಶಾಲೆಯಿಂದ ಇಡೀ ಕ್ಲಾಸಿನ ವಿವರ ಎಕ್ಸೆಲ್ ಶೀಟ್‌ನಲ್ಲಿ ಬಂದರೆ ವಾಪಸ್ ಕಳಿಸಿ, ಭಾಗವಹಿಸುವ ಮಕ್ಕಳದ್ದು ಮಾತ್ರ ಸಾಕು ಅನ್ನಿ.

ವಿಜೇತರ ಪಟ್ಟಿ ಹಾಕುವಾಗ ಹೆಸರು ಮತ್ತು ತಾಲ್ಲೂಕು ಸಾಕು. ಫೋಟೊ ಹಾಕುವುದಾದರೆ ಮನೆಯವರನ್ನು ಮತ್ತೆ ಕೇಳಿ, ಸ್ಪರ್ಧೆಗೆ ಸೇರಲು ಕೊಟ್ಟ ಒಪ್ಪಿಗೆ ಫೋಟೊ ಪ್ರಕಟಿಸಲು ಕೊಟ್ಟ ಒಪ್ಪಿಗೆ ಅಲ್ಲ. ಬೇಡ ಅಂದ ಮಗುವಿನ ಬಹುಮಾನಕ್ಕೆ ಅದರಿಂದ ಏನೂ ತೊಂದರೆ ಆಗಬಾರದು. ಅಳಿಸುವ ದಿನವನ್ನು ಪೋಸ್ಟರ್‌ನಲ್ಲೇ ಹಾಕಿ, ಆ ದಿನ ಒಬ್ಬರು ಕೂತು ಫಾರ್ಮ್‌ನ ಉತ್ತರಗಳು, ಶೀಟ್, ಡ್ರೈವ್ ಫೋಲ್ಡರ್, ತೀರ್ಪುಗಾರರ ಫೋನಿನಲ್ಲಿರುವ ಪ್ರತಿಗಳು, ಲ್ಯಾಪ್‌ಟಾಪ್‌ನ ಡೌನ್‌ಲೋಡ್ಸ್, ಮುದ್ರಿಸಿದ ಪಟ್ಟಿ ಎಲ್ಲ ತೆಗೆಯಲಿ. ಡ್ರೈವ್‌ನಲ್ಲಿ ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಉಳಿಯುತ್ತದೆ, ಅದನ್ನೂ ಖಾಲಿ ಮಾಡಿ.